ಕೆಲಸದ ಜಾಹೀರಾತಿನಲ್ಲಿ 'ಸ್ಟ್ರಾಂಗ್ ರೋಲೋಡೆಕ್ಸ್ ಇರಬೇಕು' ಅಂತಿದೆ, ಏನು ಹಾಗಂದ್ರೆ?

ಚೈತ್ರಾ_ಬಿ

ಎಲ್ಲರಿಗೂ ನಮಸ್ಕಾರ. ನಾನು ಐಟಿ ಕಂಪನಿಯೊಂದರ ಕಸ್ಟಮರ್ ಸಪೋರ್ಟ್‌ನಲ್ಲಿದ್ದೇನೆ. ಈಗ ಸೇಲ್ಸ್ ಕಡೆ ಹೋಗೋಣ ಅಂತ ಅರ್ಜಿ ಹಾಕುತ್ತಿದ್ದೇನೆ. ಅಮೆರಿಕದ ಕಂಪನಿಯೊಂದರ ಬೆಂಗಳೂರು ಆಫೀಸಿನ ಜಾಹೀರಾತು ನೋಡಿದೆ. ಅನುಭವ, ಟಾರ್ಗೆಟ್ಟು, ಓಡಾಟ ಎಲ್ಲ ಹೇಳಿದ ಮೇಲೆ ಕೊನೆಯ ಸಾಲಿನಲ್ಲಿ 'ಸ್ಟ್ರಾಂಗ್ ರೋಲೋಡೆಕ್ಸ್ ಇರಬೇಕು' ಅಂತ ಬರೆದಿದ್ದಾರೆ. ಹೆಸರು ಕೇಳಿದರೆ ಕಾಲು ನೋವಿನ ಮಾತ್ರೆ ಥರ ಇದೆ. ಹುಡುಕಿದರೆ ಮೇಜಿನ ಮೇಲೆ ಇಡುವ ಚಕ್ರದಂಥ ಒಂದು ಸಾಮಾನಿನ ಫೋಟೋ ಬರುತ್ತದೆ, ಸುತ್ತ ಪೂರ್ತಿ ಕಾರ್ಡುಗಳು. ಇದನ್ನು ಎಲ್ಲಿಂದ ತರಲಿ?

ಪರಿಚಯದವರು ಜಾಸ್ತಿ ಇರಬೇಕು ಅಂತ ಅರ್ಥ ಅನ್ನುವಷ್ಟು ಗೊತ್ತಾಯಿತು. ಆದರೆ ಆ ಸಾಮಾನಿನ ಹೆಸರು ಇದಕ್ಕೆ ಹೇಗೆ ಬಂತು? ಇನ್ನೊಂದು, ಇಂಟರ್‌ವ್ಯೂನಲ್ಲಿ 'ನಿಮ್ಮ ರೋಲೋಡೆಕ್ಸ್ ಹೇಗಿದೆ' ಅಂತ ಕೇಳಿದರೆ ಏನು ಹೇಳಬೇಕು? ಈಗಿನ ಕಂಪನಿಯ ಕಸ್ಟಮರ್‌ಗಳ ನಂಬರ್ ನನ್ನ ಹತ್ತಿರ ಸಾಕಷ್ಟು ಇವೆ. ಅವನ್ನು ನನ್ನವು ಅಂತ ಹೇಳಿಕೊಳ್ಳಬಹುದಾ?

ಕೀಬೋರ್ಡ್_ಕಿಟ್ಟಿ

ನಿಮ್ಮ ಫೋನಿನ ಎಮೋಜಿಗಳಲ್ಲೇ ಇದೆ ನೋಡಿ ಅದು. ಆಫೀಸು ಸಾಮಾನಿನ ಸಾಲಿನಲ್ಲಿ ಕ್ಯಾಲೆಂಡರ್ ಪಕ್ಕದಲ್ಲೆಲ್ಲೋ ಕಾರ್ಡ್ ಇಂಡೆಕ್ಸ್ ಅಂತ ಒಂದು ಚಿತ್ರ ಇದೆ. 2010ರಲ್ಲಿ ಯೂನಿಕೋಡ್‌ಗೆ ಸೇರಿತು. ಬಹಳಷ್ಟು ಫೋನುಗಳಲ್ಲಿ ಅದಕ್ಕೆ ಬರೆದಿರುವುದು ರೋಲೋಡೆಕ್ಸ್ ಚಿತ್ರವೇ. ಯಾರೂ ಅದನ್ನು ಕಳಿಸಿದ್ದು ನಾನಂತೂ ನೋಡಿಲ್ಲ.

ನ್ಯೂಜೆರ್ಸಿ_ರಾಯರು

ಚೈತ್ರಾ ಅವರೇ, ಅದನ್ನು ದಿನಾ ತಿರುಗಿಸಿದವನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಎಂಬತ್ತರ ದಶಕದಲ್ಲಿ ಇಲ್ಲಿಗೆ ಬಂದಾಗ ಆಫೀಸಿನಲ್ಲಿ ಮೇಜಿಗೊಂದು ರೋಲೋಡೆಕ್ಸ್ ಇರುತ್ತಿತ್ತು. ದೊಡ್ಡದು ಇರುತ್ತಿದ್ದದ್ದು ಸಾಹೇಬರ ಸೆಕ್ರೆಟರಿ ಮೇಜಿನ ಮೇಲೆ. ಎರಡು ಕಾಲಿನ ಮೇಲೆ ನಿಂತ ಒಂದು ಕಂಬಿ, ಬದಿಯಲ್ಲಿ ತಿರುಗಿಸುವ ಗುಬುಟು, ಕಂಬಿಯ ಸುತ್ತ ನೂರಾರು ಕಾರ್ಡು. ಮಧ್ಯೆ ಮಧ್ಯೆ ಎ, ಬಿ, ಸಿ ಅಂತ ತಲೆ ಎತ್ತಿದ ದಪ್ಪ ಕಾರ್ಡುಗಳು. ಮಾಮೂಲಿ ಕಾರ್ಡಿನ ಅಳತೆ ಎರಡೂಕಾಲು ಇಂಚು, ನಾಲ್ಕು ಇಂಚು. ಕಾರ್ಡಿನ ಕೆಳ ಅಂಚಿನಲ್ಲಿ ಎರಡು ಕಚ್ಚು ಇರುತ್ತವೆ. ಒತ್ತಿದರೆ ಟಕ್ ಅಂತ ಕೂರುತ್ತದೆ, ಎಳೆದರೆ ಹರಿಯದೆ ಈಚೆ ಬರುತ್ತದೆ. ಇಡೀ ಜಾಣತನ ಇರುವುದು ಆ ಎರಡು ಕಚ್ಚಿನಲ್ಲೇ. ಹೊಲಿದ ಡೈರಿಯಲ್ಲಾದರೆ ಒಬ್ಬರು ಮನೆ ಬದಲಿಸಿದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಎಸ್ ಪುಟ ತುಂಬಿದರೆ ಕ್ಯೂ ಪುಟಕ್ಕೆ ಹೋಗಬೇಕು, ಎರಡು ವರ್ಷಕ್ಕೆ ಡೈರಿ ಗಬ್ಬೆದ್ದು ಹೋಗುತ್ತದೆ. ಇಲ್ಲಿ ಒಂದು ಕಾರ್ಡು ಕಿತ್ತು ಇನ್ನೊಂದು ಹಾಕಿದರೆ ಮುಗಿಯಿತು.

ಇದನ್ನು ಮಾಡಿದ್ದು ನ್ಯೂಯಾರ್ಕಿನ ಜೆಫಿರ್ ಅಮೆರಿಕನ್ ಅನ್ನುವ ಕಂಪನಿ. ಮಾಲೀಕ ಆರ್ನಾಲ್ಡ್ ನ್ಯೂಸ್ಟಾಡ್ಟರ್. ಹೆಸರು ಬಂದಿದ್ದು ಅವರಿಗೆ, ಆದರೆ ಕೂತು ವಿನ್ಯಾಸ ಮಾಡಿದ್ದು ಕಂಪನಿಯ ಮುಖ್ಯ ಎಂಜಿನಿಯರ್, ಡೆನ್ಮಾರ್ಕ್ ಮೂಲದ ಹಿಲ್ಡೌರ್ ನೀಲ್ಸನ್. 1956ರಲ್ಲಿ ರೂಪ ಬಂತು, 1958ರಲ್ಲಿ ಅಂಗಡಿಗೆ ಬಂತು. ರೋಲಿಂಗ್ ಮತ್ತು ಇಂಡೆಕ್ಸ್ ಸೇರಿಸಿ ರೋಲೋಡೆಕ್ಸ್. ಈ ನ್ಯೂಸ್ಟಾಡ್ಟರ್‌ಗೆ ಡೆಕ್ಸ್ ಹುಚ್ಚು ಬೇರೆ. ಚೆಲ್ಲದ ಮಸಿಕುಡಿಕೆಗೆ ಸ್ವಿವೋಡೆಕ್ಸ್, ಕಾಗದಕ್ಕೆ ತೂತು ಹಾಕುವುದಕ್ಕೆ ಪಂಚೋಡೆಕ್ಸ್, ಸ್ಟೆನೋಗಳು ಮೊಣಕಾಲಿಗೆ ಕಟ್ಟಿಕೊಳ್ಳುವ ಸಾಧನಕ್ಕೆ ಕ್ಲಿಪೋಡೆಕ್ಸ್. ಉಳಿದಿದ್ದು ಒಂದೇ. 1970ರಲ್ಲಿ ಕಂಪನಿ ಮಾರಿದರು.

ಈಗ ಅರ್ಥದ ವಿಷಯ. ಕಾರ್ಡಿನಲ್ಲಿ ಬರೀ ನಂಬರ್ ಇರುತ್ತಿರಲಿಲ್ಲ. ನಮ್ಮ ಆಫೀಸಿನ ಹಿರಿಯ ಸೆಕ್ರೆಟರಿಯೊಬ್ಬರು ಸೀಸದಕಡ್ಡಿಯಲ್ಲಿ ಹಿಂದುಗಡೆ ಬರೆಯುತ್ತಿದ್ದರು: ಹೆಂಡತಿ ಹೆಸರು, ಮಧ್ಯಾಹ್ನ ಫೋನ್ ಮಾಡಬೇಡಿ, ಕಳೆದ ಸಲ ಬಿಲ್ಲಿನ ಬಗ್ಗೆ ಜಗಳ ಆಗಿತ್ತು, ಇವರ ಕೆಳಗಿನವರನ್ನು ಕೇಳಿದರೆ ಕೆಲಸ ಬೇಗ ಆಗುತ್ತದೆ. ಸಾಹೇಬರು ಬದಲಾಗುತ್ತಿದ್ದರು, ಆಕೆಯೂ ಆ ಚಕ್ರವೂ ಅಲ್ಲೇ. ಹೊಸ ಸಾಹೇಬರು ಮೊದಲ ವಾರ ಆಕೆಯ ಮಾತು ಕೇಳಿಕೊಂಡೇ ಬದುಕುತ್ತಿದ್ದರು. ಕೆಲವು ಮಾದರಿಗಳಿಗೆ ಮುಚ್ಚಳ, ಮುಚ್ಚಳಕ್ಕೆ ಬೀಗ. ಸುಮ್ನೆ ಫೋನ್ ನಂಬರಿಗೆ ಯಾರಾದರೂ ಬೀಗ ಹಾಕುತ್ತಾರಾ? ಸೇಲ್ಸ್‌ನವರು ಕೆಲಸ ಬಿಟ್ಟಾಗ ಅದನ್ನು ಬಗಲಲ್ಲಿ ಇಟ್ಟುಕೊಂಡು ಹೊರಡುತ್ತಿದ್ದರು, ಅದು ಕಂಪನಿದು ಅಂತ ಬಾಗಿಲಲ್ಲಿ ತಡೆಯುವುದೂ ನಡೆಯುತ್ತಿತ್ತು. ಇಂಥವರನ್ನು ಬೇರೆ ಕಂಪನಿ ಕರೆದುಕೊಂಡಾಗ 'ಅವನನ್ನು ತಗೊಂಡಿದ್ದು ಅವನ ರೋಲೋಡೆಕ್ಸ್‌ಗೋಸ್ಕರ' ಅನ್ನುತ್ತಿದ್ದರು. ಆ ಹೊತ್ತಿಗೆ ಅದು ನಿಜವಾಗಿ ಪೆಟ್ಟಿಗೆಯಲ್ಲೇ ಬರುತ್ತಿತ್ತು. ಆಮೇಲೆ ಪೆಟ್ಟಿಗೆ ಹೋಯಿತು, ಮಾತು ಉಳಿಯಿತು.

ತಿಪಟೂರು_ಮೇಷ್ಟ್ರು

ರಾಯರೇ ಚೆನ್ನಾಗಿ ಹೇಳಿದಿರಿ. ಒಂದೇ ಮಾತು ಸೇರಿಸುತ್ತೇನೆ. ಇದು ಜೆರಾಕ್ಸ್, ಡಾಲ್ಡಾ ಥರ ಆಗಿದ್ದಲ್ಲ. ಅಲ್ಲಿ ಒಂದು ಕಂಪನಿಯ ಹೆಸರು ಅದೇ ಜಾತಿಯ ಎಲ್ಲ ಮಾಲಿಗೂ ಬಂತು. ಇಲ್ಲಿ ಹೆಸರು ವಸ್ತುವನ್ನೇ ಬಿಟ್ಟು ಅದರೊಳಗೆ ಇದ್ದವರಿಗೆ ಹೋಯಿತು. ನಮ್ಮಲ್ಲಿ 'ಕುರ್ಚಿ ಹೋಯಿತು' ಅಂದರೆ ಮರದ ಕುರ್ಚಿ ಕಳುವಾಯಿತು ಅಂತ ಯಾರೂ ಪೊಲೀಸ್ ಸ್ಟೇಷನ್‌ಗೆ ಹೋಗುವುದಿಲ್ಲ, ಹಾಗೆ.

ಹಳೇ_ವರದಿಗಾರ

ರಾಯರ ನೆನಪು ಸೊಗಸಾಗಿದೆ. ಆದರೆ ಹುಡುಗರು ತಪ್ಪು ತಿಳಿಯಬಾರದು, ನಮ್ಮ ಕಡೆ ಆಫೀಸುಗಳಲ್ಲಿ ಈ ಚಕ್ರ ಕಂಡಿದ್ದು ಅಪರೂಪ. ನಾನು ನೋಡಿದ್ದು ಒಂದು ವಿದೇಶಿ ಕಂಪನಿಯ ರಿಸೆಪ್ಷನ್‌ನಲ್ಲಿ, ಅದೂ ಶೋಕಿಗೆ ಇಟ್ಟ ಹಾಗಿತ್ತು.

ನಮ್ಮಲ್ಲಿ ಇದ್ದದ್ದು ಎರಡು. ಒಂದು, ಚಪ್ಪಟೆ ಡಬ್ಬದ ಟೆಲಿಫೋನ್ ಇಂಡೆಕ್ಸ್. ಬದಿಯ ಮುಳ್ಳನ್ನು ಬೇಕಾದ ಅಕ್ಷರಕ್ಕೆ ಜರುಗಿಸಿ ಕೆಳಗಿನ ಪಟ್ಟಿ ಒತ್ತಿದರೆ ಮುಚ್ಚಳ ಫಟ್ ಅಂತ ಆ ಪುಟಕ್ಕೇ ತೆರೆದುಕೊಳ್ಳುತ್ತಿತ್ತು. ಲ್ಯಾಂಡ್‌ಲೈನ್ ಇದ್ದ ಬಹಳ ಮನೆಗಳಲ್ಲಿ ಫೋನಿನ ಪಕ್ಕ ಅದೇ. ತಮಾಷೆ ಏನೆಂದರೆ ಆ ಜಾತಿಯದನ್ನೂ ರಾಯರು ಹೇಳಿದ ನ್ಯೂಸ್ಟಾಡ್ಟರ್ ಕಂಪನಿಯೇ ರೋಲೋಡೆಕ್ಸ್‌ಗಿಂತ ಮೊದಲು ಆಟೋಡೆಕ್ಸ್ ಅಂತ ಮಾರಿತ್ತು. ಅಮೆರಿಕದಲ್ಲಿ ತಮ್ಮ ಗೆದ್ದ, ಇಲ್ಲಿ ಅಣ್ಣ ಗೆದ್ದ. ಇನ್ನೊಂದು, ಪತ್ರಕರ್ತರ ಜೇಬಿನ ಟೆಲಿಫೋನ್ ಡೈರಿ. ಅಂಚು ಸವೆದು, ರಬ್ಬರ್ ಬ್ಯಾಂಡ್ ಹಾಕಿ, ಮಧ್ಯೆ ವಿಸಿಟಿಂಗ್ ಕಾರ್ಡು ತುರುಕಿ ಡೊಳ್ಳು ಹೊಟ್ಟೆ ಬಂದಿರುತ್ತಿತ್ತು. ವಿಧಾನಸೌಧ ಬೀಟ್‌ನವರ ಡೈರಿಯಲ್ಲಿ ಮಂತ್ರಿಗಳ ನಂಬರಿಗಿಂತ ಅವರ ಪಿಎ, ಡ್ರೈವರ್, ಮನೆಯಲ್ಲಿ ಫೋನ್ ಎತ್ತುವವರ ನಂಬರ್ ಮುಖ್ಯ. ರಾತ್ರಿ ಹನ್ನೊಂದಕ್ಕೆ ಮಂತ್ರಿ ಫೋನ್ ಎತ್ತುವುದಿಲ್ಲ, ಡ್ರೈವರ್ ಎತ್ತುತ್ತಾನೆ, 'ಸಾಹೇಬ್ರು ಈಗ ತಾನೇ ಹೊರಟ್ರು' ಅನ್ನುತ್ತಾನೆ, ಅಷ್ಟರಲ್ಲಿ ಅರ್ಧ ಸುದ್ದಿ ಸಿಕ್ಕ ಹಾಗೆ. ನಿವೃತ್ತರಾಗುವಾಗ ಎಷ್ಟು ಕೇಳಿದರೂ ಡೈರಿ ಕೊಡದವರನ್ನು ಕಂಡಿದ್ದೇನೆ. ಕೊಟ್ಟರೂ ಪ್ರಯೋಜನ ಅಷ್ಟಕ್ಕಷ್ಟೇ, ಅರ್ಧ ಹೆಸರುಗಳು ಅಡ್ಡಹೆಸರಿನಲ್ಲಿ.

ಅರ್ಥಶಾಸ್ತ್ರ_ಅರೆಬೆಂದ

ರೋಲೋಡೆಕ್ಸ್ ಅಂದರೆ ಡೇವಿಡ್ ರಾಕ್‌ಫೆಲರ್ ಕಥೆ ಹೇಳದೆ ಬಿಡೋಕಾಗಲ್ಲ. ಚೇಸ್ ಮ್ಯಾನ್‌ಹಟನ್ ಬ್ಯಾಂಕಿನ ಮುಖ್ಯಸ್ಥರಾಗಿದ್ದವರು, 2017ರಲ್ಲಿ 101ನೇ ವಯಸ್ಸಿಗೆ ತೀರಿಕೊಂಡರು. ಅವರು ಹೇಳಿ ಮಾಡಿಸಿದ ಯಂತ್ರ ಸುಮಾರು ಐದಡಿ ಎತ್ತರ ಇತ್ತು. ಒಳಗೆ ಸುಮಾರು 2 ಲಕ್ಷ ಕಾರ್ಡು, ಸುಮಾರು 1 ಲಕ್ಷ ಜನ. ಹೆನ್ರಿ ಕಿಸಿಂಜರ್ ಒಬ್ಬರಿಗೇ 35 ಕಾರ್ಡು. ಯಾವಾಗ ಭೇಟಿ, ಎಲ್ಲಿ ಭೇಟಿ ಎಲ್ಲ ಬರೆದಿಟ್ಟಿದ್ದರು. ಮತ್ತೆ ಸಿಗುವ ಮುಂಚೆ ಕಾರ್ಡು ತೆಗೆಸಿ ಓದಿಕೊಂಡು ಹೋದರೆ ಎದುರಿನವರಿಗೆ 'ಅಬ್ಬಾ, ನನ್ನನ್ನು ನೆನಪಿಟ್ಟಿದ್ದಾರಲ್ಲ' ಅನ್ನಿಸದೆ ಇರುತ್ತಾ? ದುಡ್ಡಿದ್ದವರಿಗೆ ನೆನಪಿನ ಶಕ್ತಿಯನ್ನೂ ಕಬ್ಬಿಣದಲ್ಲಿ ಮಾಡಿಸಿಕೊಳ್ಳಬಹುದು.

ಈಗ ನನ್ನ ಪಾಯಿಂಟಿಗೆ ಬರುತ್ತೇನೆ. ಕಾರ್ಡು ಬರೆದಿಡಬೇಕಾದ್ದು ಯಾರಿಗೆ? ಅಕ್ಕ, ಭಾವ, ಪಕ್ಕದ ಮನೆಯವರ ಹೆಸರಿಗೆ ಕಾರ್ಡು ಬೇಡ. ವರ್ಷಕ್ಕೊಮ್ಮೆ ಸಿಗುವವರಿಗೆ, ಎಂದೋ ಒಂದು ಮೀಟಿಂಗ್‌ನಲ್ಲಿ ಸಿಕ್ಕಿ ಮರೆತುಹೋಗುವವರಿಗೆ ಬೇಕು. ಆಶ್ಚರ್ಯ ಅಂದರೆ ಕೆಲಸ ಕೊಡಿಸುವುದೂ ಅಂಥವರೇ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞ ಬಾಸ್ಟನ್ ಹತ್ತಿರದ ನ್ಯೂಟನ್‌ನಲ್ಲಿ, ಹೊಸದಾಗಿ ಕೆಲಸ ಬದಲಿಸಿದವರನ್ನು ಕೇಳಿದ. ಪರಿಚಯದವರಿಂದ ಕೆಲಸದ ಸುದ್ದಿ ಸಿಕ್ಕವರಲ್ಲಿ, ಆ ಪರಿಚಯದವರನ್ನು ಆಗಾಗ ಕಾಣುತ್ತಿದ್ದವರು ಶೇ. 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು ಶೇ. 55.6, ಕಾಣುವುದೇ ಕಡಿಮೆ ಅಂದವರು ಶೇ. 27.8. 1973ರಲ್ಲಿ ಇದನ್ನು ಪ್ರಕಟಿಸಿದ. ಕಾರಣ ಸುಲಭ: ದಿನಾ ಸಿಗುವವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದವರು ಬೇರೆ ಕಡೆ ಓಡಾಡುತ್ತಾರೆ, ಬೇರೆ ಸುದ್ದಿ ತರುತ್ತಾರೆ.

ಕೀಬೋರ್ಡ್_ಕಿಟ್ಟಿ

ಒಪ್ಪಿದೆ. ಆದರೆ ಕಂಪ್ಯೂಟರ್‌ನವರು ಮಾಡಿದ್ದನ್ನೂ ಹೇಳಬೇಕು. 1985ರಲ್ಲಿ ವಿಂಡೋಸ್ ಮೊದಲ ಸಲ ಬಂದಾಗಲೇ ಅದರ ಜೊತೆ ಕಾರ್ಡ್‌ಫೈಲ್ ಅಂತ ಒಂದು ಪ್ರೋಗ್ರಾಂ ಇತ್ತು. ಪರದೆಯ ಮೇಲೆ ಒಂದರ ಹಿಂದೊಂದು ಕಾರ್ಡು ನಿಂತ ಹಾಗೆ ಕಾಣುತ್ತಿತ್ತು, ಮೇಲಿನ ಸಾಲಿನಲ್ಲಿ ಬರೆದದ್ದರ ಪ್ರಕಾರ ಅಕ್ಷರಮಾಲೆಯಲ್ಲಿ ಜೋಡಿಸಿಕೊಳ್ಳುತ್ತಿತ್ತು. 1995ರಲ್ಲಿ ಆಪಲ್, ಎಟಿ ಆಂಡ್ ಟಿ, ಐಬಿಎಂ, ಸೀಮೆನ್ಸ್ ಸೇರಿ ವಿಕಾರ್ಡ್ ಅನ್ನುವ ನಮೂನೆ ತಂದವು. ಇವತ್ತು ವಾಟ್ಸಾಪ್‌ನಲ್ಲಿ 'ಆ ಪ್ಲಂಬರ್ ನಂಬರ್ ಕಳಿಸು' ಅಂದಾಗ ಬರುವ ಕಾಂಟ್ಯಾಕ್ಟ್ ಫೈಲ್ ಅದೇ ವಂಶದ್ದು. ಹೆಸರಿನಲ್ಲಿ ಇನ್ನೂ ಕಾರ್ಡ್ ಇದೆ ನೋಡಿ.

2003ರಲ್ಲಿ ಲಿಂಕ್ಡ್‌ಇನ್ ಶುರುವಾಯಿತು. ಅಲ್ಲಿಂದ ಕಾರ್ಡಿನಲ್ಲಿ ಇರುವವರೇ ತಮ್ಮ ಕಾರ್ಡು ತಿದ್ದಿಕೊಳ್ಳುತ್ತಾರೆ, ಕಂಪನಿ ಬದಲಿಸಿದರೆ ನಿಮಗೇ ಸುದ್ದಿ ಬರುತ್ತದೆ. ಹಾಗಾಗಿ ಈ ರೋಲೋಡೆಕ್ಸ್ ಪುರಾಣ ಎಲ್ಲ ಹಳಬರ ಹಳಹಳಿಕೆ ಅಂತ ನನ್ನ ಅಭಿಪ್ರಾಯ. ಬೈಯಬೇಡಿ.

ಪೀಣ್ಯ_ಶೋಭಾ

ಬೈಯಲ್ಲ ಕಿಟ್ಟಿ, ಆದರೆ ನೀನು ಯಾವತ್ತೂ ಏನನ್ನೂ ಮಾರಿಲ್ಲ ಅಂತ ಗೊತ್ತಾಯಿತು.

ನಾನು ಪೀಣ್ಯದಲ್ಲಿ ಹೈಡ್ರಾಲಿಕ್ ಸೀಲ್, ಓ ರಿಂಗ್, ಬೇರಿಂಗ್ ಮಾರುತ್ತೇನೆ. ಲಿಂಕ್ಡ್‌ಇನ್‌ನಲ್ಲಿ ಇರುವುದು ಅವರು ಊರಿಗೆ ತೋರಿಸುವ ಮುಖ. ನನಗೆ ಬೇಕಾದ್ದು ಅಲ್ಲಿ ಇರುವುದಿಲ್ಲ. ನನ್ನ ಫೋನಿನಲ್ಲಿ ಮ ಅಕ್ಷರ ತೆಗೆದು ನೋಡು: ಮಂಜುನಾಥ್ ಲೇತ್, ಮಂಜುನಾಥ್ ಹೀಟ್ ಟ್ರೀಟ್‌ಮೆಂಟ್, ಮಂಜುನಾಥ್ ಸ್ಟೋರ್ಸ್ ಸೆಕೆಂಡ್ ಸ್ಟೇಜ್, ಮಂಜುನಾಥ್ ಪೇಮೆಂಟ್ ಲೇಟ್, ಮಂಜುನಾಥ್ ಒಳ್ಳೆಯವರು. ಈ ಕೊನೆಯ ಇಬ್ಬರು ಒಂದೇ ಕಂಪನಿ! ಒಬ್ಬರು ಅಕೌಂಟ್ಸ್, ಒಬ್ಬರು ಮೇಂಟೆನೆನ್ಸ್. ಮೆಷಿನ್ ಎಣ್ಣೆ ಸೋರಿ ಲೈನ್ ನಿಂತಾಗ ರಾತ್ರಿ ಫೋನ್ ಮಾಡುವುದು ಮೇಂಟೆನೆನ್ಸ್‌ನವರು. ಆಗ ಸೀಲ್ ಕೊಟ್ಟು ಬಂದಿದ್ದರೆ ಮುಂದಿನ ತಿಂಗಳ ಪಿಒ, ಅಂದರೆ ಪರ್ಚೇಸ್ ಆರ್ಡರ್, ನನಗೆ. ಪರ್ಚೇಸ್ ಮ್ಯಾನೇಜರ್ ಹೆಸರು ಎಲ್ಲರ ಹತ್ತಿರಾನೂ ಇರುತ್ತದೆ ಅಲ್ವಾ? ರಾಯರು ಹೇಳಿದ ಸೀಸದಕಡ್ಡಿ ಬರಹ ಇದೇ, ನಾವು ಕಾರ್ಡಿನ ಹಿಂದೆ ಬರೆಯುವ ಬದಲು ಹೆಸರಿನ ಬಾಲಕ್ಕೆ ಅಂಟಿಸುತ್ತೇವೆ.

ಚೈತ್ರಾ, ಇಂಟರ್‌ವ್ಯೂ ಪ್ರಶ್ನೆಗೆ: 'ನನ್ನ ಹತ್ತಿರ ಎರಡು ಸಾವಿರ ಕಾಂಟ್ಯಾಕ್ಟ್ ಇದೆ' ಅನ್ನಬೇಡ. ಅದನ್ನು ಎಲ್ಲರೂ ಹೇಳುತ್ತಾರೆ. ಅವರು ನಿಜವಾಗಿ ಕೇಳುತ್ತಿರುವುದು, ನೀನು ಫೋನ್ ಮಾಡಿದರೆ ಯಾರು ಎತ್ತುತ್ತಾರೆ, ಅಂತ. ಸಪೋರ್ಟ್‌ನಲ್ಲಿ ಇದ್ದವಳು ನೀನು, ಕಸ್ಟಮರ್ ಸಿಟ್ಟಿನಲ್ಲಿ ಇದ್ದಾಗ ಮಾತಾಡಿ ಸಮಾಧಾನ ಮಾಡಿದವಳು, ಅದು ಸೇಲ್ಸ್‌ನವರಿಗೂ ಸಿಗದ ಪರಿಚಯ. ಹೆಸರು ಹೇಳದೆ ಅಂಥದೊಂದು ಪ್ರಸಂಗ ಹೇಳು. ಯಾವ ಥರದ ಕಂಪನಿ, ಏನು ತೊಂದರೆ ಆಗಿತ್ತು, ಆಮೇಲೆ ಅವರು ನೇರ ನಿನ್ನನ್ನೇ ಯಾಕೆ ಕೇಳೋಕೆ ಶುರು ಮಾಡಿದರು. ಅಷ್ಟು ಸಾಕು.

ಅದು ಬಿಟ್ಟು ಅವರು 'ಒಂದು ಲಿಸ್ಟ್ ಕಳಿಸಿ' ಅಂದರೆ ಎದ್ದು ಬಾ. ನನಗೆ ಹಿಂದೊಮ್ಮೆ ಹಾಗೇ ಆಗಿತ್ತು. ಎರಡು ರೌಂಡ್ ಆದ ಮೇಲೆ ಸಂಬಳದ ಮಾತೇ ಇಲ್ಲ, ನನ್ನ ಕಸ್ಟಮರ್‌ಗಳ ಹೆಸರು ಎಕ್ಸೆಲ್‌ನಲ್ಲಿ ಕೊಡಿ ಅಂದರು. ಕೊಡಲಿಲ್ಲ. ಅಲ್ಲಿಂದ ಮತ್ತೆ ಫೋನೂ ಬರಲಿಲ್ಲ.

ಚೈತ್ರಾ_ಬಿ

ಅಯ್ಯೋ ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಶೋಭಕ್ಕ, ಹಾಗೆ ಸಿಟ್ಟಾಗಿದ್ದ ಕಸ್ಟಮರ್ ಒಬ್ಬರು ಇದ್ದಾರೆ, ಈಗಲೂ ಕಂಪನಿ ಸಿಸ್ಟಂನಲ್ಲಿ ದೂರಿನ ಟಿಕೆಟ್ ಹಾಕುವ ಬದಲು ನನಗೇ ಮೆಸೇಜ್ ಮಾಡುತ್ತಾರೆ. ಅದನ್ನೇ ಹೇಳುತ್ತೇನೆ. ಆದರೆ ನಂಬರ್‌ಗಳ ವಿಷಯ ಇನ್ನೂ ಗೊಂದಲ. ನನ್ನ ಸ್ವಂತ ಫೋನಿನಲ್ಲೇ ಇವೆಯಲ್ಲ, ಅವು ನನ್ನವಲ್ವಾ?

ಕೋರ್ಟ್‌ಹಾಲ್_ಕೃಷ್ಣ

ನಾನು ವಕೀಲ, ಆದರೆ ನಿಮ್ಮ ಕಾಗದಪತ್ರ ನೋಡಿಲ್ಲ, ಅದನ್ನು ನೆನಪಿಟ್ಟುಕೊಂಡು ಓದಿ.

ಎರಡು ವಿಷಯ ಬೇರೆ ಬೇರೆ ಮಾಡಿ. ಒಂದು, ನೀವು ಬೇರೆ ಕಂಪನಿಗೆ ಹೋಗಿ ಅದೇ ಕೆಲಸ ಮಾಡಬಹುದಾ? ಮಾಡಬಹುದು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರು ತಮ್ಮ ಕಸುಬು ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಊರ್ಜಿತ ಅಲ್ಲ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಯಾವ ಪ್ರತಿಸ್ಪರ್ಧಿ ಕಂಪನಿಗೂ ಸೇರಬೇಡಿ ಅಂತ ಬರೆಸಿಕೊಂಡಿದ್ದರೂ ನಮ್ಮ ಕೋರ್ಟುಗಳು ಸಾಮಾನ್ಯವಾಗಿ ಅದನ್ನು ಜಾರಿ ಮಾಡುವುದಿಲ್ಲ.

ಇನ್ನೊಂದು, ಪಟ್ಟಿ ಯಾರದ್ದು ಅನ್ನುವುದು. ಇದರಲ್ಲಿ ಎರಡೂ ಕಡೆ ತೀರ್ಪು ಇದೆ. 2006ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಒಂದು ವಿದೇಶಿ ಬ್ಯಾಂಕು, ಕೆಲಸ ಬಿಟ್ಟ ಉದ್ಯೋಗಿ ಬ್ಯಾಂಕಿನ ಗಿರಾಕಿಗಳ ವಿವರ ಬಳಸದಂತೆ ತಡೆಯಿರಿ ಅಂತ ಹೋಯಿತು. ಗೋಪ್ಯತೆ ಹೆಸರಿನಲ್ಲಿ ಒಬ್ಬರು ಬೇರೆ ಕೆಲಸ ಹಿಡಿಯುವುದನ್ನು ತಡೆಯುವ ಹಾಗಿಲ್ಲ ಅಂದಿತು ಕೋರ್ಟು. ಅದೇ ವರ್ಷ ಅದೇ ಕೋರ್ಟು ಒಂದು ವಕೀಲರ ಕಚೇರಿಯ ಪ್ರಕರಣದಲ್ಲಿ ಕಕ್ಷಿದಾರರ ಪಟ್ಟಿ, ಕಡತ ಎಲ್ಲ ನಕಲು ಮಾಡಿಕೊಂಡು ಹೋದವರಿಗೆ ತಡೆ ಹಾಕಿತು. ತಲೆಯಲ್ಲಿ ಇರುವ ಪರಿಚಯ ಬೇರೆ, ಸರ್ವರ್‌ನಿಂದ ಇಳಿಸಿದ ಫೈಲ್ ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ನಲ್ಲಿ, ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್‌ನಿಂದ ಡೇಟಾ ನಕಲು ಮಾಡಿಕೊಂಡರೆ ಪರಿಹಾರ ಕಟ್ಟಬೇಕಾಗುತ್ತದೆ ಅಂತ ಸ್ಪಷ್ಟವಾಗಿ ಇದೆ. ಕೆಟ್ಟ ಉದ್ದೇಶ ಇತ್ತು ಅಂತಾದರೆ ಅದು ಕ್ರಿಮಿನಲ್ ಕೇಸೂ ಆಗುತ್ತದೆ.

ಕಿಟ್ಟಿಯವರಿಗೂ ಒಂದು ಸುದ್ದಿ. ಲಿಂಕ್ಡ್‌ಇನ್ ಆದರೂ ಜಗಳ ತಪ್ಪಿಲ್ಲ. 2008ರಲ್ಲೇ ಇಂಗ್ಲೆಂಡಿನ ಹೈಕೋರ್ಟ್‌ನಲ್ಲಿ ನೇಮಕಾತಿ ಕಂಪನಿಯೊಂದು, ನಮ್ಮಲ್ಲಿದ್ದಾಗ ಈತ ಲಿಂಕ್ಡ್‌ಇನ್‌ಗೆ ಸೇರಿಸಿಕೊಂಡ ನಮ್ಮ ಗಿರಾಕಿಗಳ ವಿವರ ಬೇಕು ಅಂತ ಕೇಳಿ, ಸಂಬಂಧಪಟ್ಟ ದಾಖಲೆ ತೋರಿಸುವಂತೆ ಆದೇಶ ಪಡೆಯಿತು.

ಹಳೇ_ವರದಿಗಾರ

ನಮ್ಮ ಡೈರಿ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲಪ್ಪ. ಡೈರಿ ಜೇಬಿನಲ್ಲಿದ್ದರೆ ನಮ್ಮದು, ಕಳೆದರೆ ಊರಿನದು.

ನ್ಯೂಜೆರ್ಸಿ_ರಾಯರು

ಕೃಷ್ಣ ಅವರೇ, ಇಲ್ಲೂ ಹಾಗೇ. ಬಹಳ ರಾಜ್ಯಗಳಲ್ಲಿ ಗಿರಾಕಿಗಳ ಪಟ್ಟಿಯನ್ನು ವ್ಯಾಪಾರದ ಗುಟ್ಟು ಅಂತ ಪರಿಗಣಿಸಬಹುದು. ಆದರೆ ಅದು ಬೇರೆಯವರಿಗೆ ಸುಲಭವಾಗಿ ಸಿಗದಂಥದ್ದಾಗಿರಬೇಕು, ಕಂಪನಿಯೂ ಅದನ್ನು ಗುಟ್ಟಾಗಿಡಲು ಕ್ರಮ ತಗೊಂಡಿರಬೇಕು. ಮುಚ್ಚಳಕ್ಕೆ ಬೀಗ ಯಾಕಿತ್ತು ಅನ್ನುವುದಕ್ಕೆ ಅದೂ ಒಂದು ಕಾರಣ ಇರಬಹುದು ನೋಡಿ.

ಚೈತ್ರಾ_ಬಿ

ಕೃಷ್ಣ ಸರ್, ಕಂಪನಿ ಸಿಸ್ಟಂನಿಂದ ಏನೂ ಇಳಿಸಿಲ್ಲ, ಇಳಿಸುವುದೂ ಇಲ್ಲ. ಫೋನಿನಲ್ಲಿ ಇರುವುದು ಅವರೇ ನನಗೆ ಮೆಸೇಜ್ ಮಾಡಿದ ನಂಬರ್‌ಗಳು. ಅವನ್ನು ಅಳಿಸಬೇಕಾ?

ಕೋರ್ಟ್‌ಹಾಲ್_ಕೃಷ್ಣ

ಸುಮ್ನೆ ಅಳಿಸಲು ಹೋಗಬೇಡಿ, ಮೊದಲು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿ. ಗೋಪ್ಯತೆ ಅನ್ನುವ ಪ್ಯಾರಾದಲ್ಲಿ ಕಸ್ಟಮರ್ ವಿವರ ಅಂತ ಏನಾದರೂ ಇದೆಯಾ, ಕೆಲಸ ಬಿಟ್ಟ ಮೇಲೆ ಇಷ್ಟು ತಿಂಗಳು ನಮ್ಮ ಕಸ್ಟಮರ್‌ಗಳನ್ನು ಸಂಪರ್ಕಿಸಬಾರದು ಅಂತ ಇದೆಯಾ. ಎರಡನೆಯದು ಇದ್ದರೆ ಅವರಾಗಿ ಫೋನ್ ಮಾಡಿದರೆ ಮಾತಾಡಿ, ನೀವಾಗಿ ಮಾಡಿ ವ್ಯಾಪಾರ ಕೇಳಬೇಡಿ. ಹೊಸ ಕಂಪನಿಯ ಆಫರ್ ಲೆಟರ್‌ನಲ್ಲಿ 'ಇಷ್ಟು ಗಿರಾಕಿಗಳನ್ನು ಕರೆತರಬೇಕು' ಅನ್ನುವ ಸಾಲು ಇದ್ದರೆ ಸಹಿ ಮಾಡುವ ಮುಂಚೆ ಯಾರಾದರೂ ವಕೀಲರಿಗೆ ತೋರಿಸಿ.

ಪೀಣ್ಯ_ಶೋಭಾ

ಮತ್ತೆ ಇಂಟರ್‌ವ್ಯೂ ಯಾವತ್ತು? ಆ ಅಮೆರಿಕದವರಿಗೆ ಸಪೋರ್ಟ್‌ನಿಂದ ಬಂದವರು ಬೇಡ ಅಂದರೆ ಇಲ್ಲೇ ಮೆಸೇಜ್ ಹಾಕು. ನಮ್ಮ ಏರಿಯಾದಲ್ಲಿ ಪಂಪ್ ಡೀಲರ್ ಒಬ್ಬರು ಕನ್ನಡ, ಹಿಂದಿ ಎರಡೂ ಬರುವ ಸೇಲ್ಸ್ ಹುಡುಗಿ ಬೇಕು ಅಂತ ಹೋದ ವಾರ ಹೇಳುತ್ತಿದ್ದರು. ಸಂಬಳ ಜಾಸ್ತಿ ಇಲ್ಲ, ಗಾಡಿ ಓಡಿಸಲು ಬರಬೇಕು.